ಹೆಬ್ಬೆಟ್ಟು ಮತ್ತು ಒಪ್ಪಿಗೆ

ಓದುಬರಹ ಬಾರದವರನ್ನು 'ಹೆಬ್ಬೆಟ್ಟಿನವರು' ಎಂದು ಕರೆಯುವ ರೂಢಿ ನಮ್ಮ ನಾಡಿನಲ್ಲಿ ಬಹುಕಾಲ ಇದ್ದಿತು. ಆ ಮಾತಿನಲ್ಲಿ ಮರುಕಕ್ಕಿಂತ ತಾತ್ಸಾರವೇ ಹೆಚ್ಚಾಗಿತ್ತು. ಸಾಲಪತ್ರದಲ್ಲಿ ಏನು ಬರೆದಿದೆಯೆಂಬುದನ್ನು ಅರಿಯದೆ, ಸಾಹುಕಾರನು ತೋರಿಸಿದ ಜಾಗದಲ್ಲಿ ಮಸಿ ಬಳಿದ ಬೆರಳನ್ನೊತ್ತಿ, ಹೊಲಮನೆಗಳನ್ನು ಕಳೆದುಕೊಂಡವರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಮಠಗಳು ಶಾಲೆಗಳನ್ನೂ ಉಚಿತ ಪ್ರಸಾದ ನಿಲಯಗಳನ್ನೂ ತೆರೆದುದರ ಹಿಂದಿನ ಸಂಕಲ್ಪಗಳಲ್ಲಿ ಇದೂ ಒಂದು: ಬಡವರ ಮಕ್ಕಳು ತಮ್ಮ ಹೆಸರನ್ನು ತಾವೇ ಬರೆಯುವಂತಾಗಬೇಕು; ಓದಿ, ತಿಳಿದು, ಒಪ್ಪಿದ ಮೇಲೆಯೇ ರುಜು ಹಾಕುವಂತಾಗಬೇಕು. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಅಂತಹ ನಿಲಯಗಳಲ್ಲಿ ಉಂಡು, ಓದಿ, ತಮ್ಮ ಮನೆತನದಲ್ಲಿ ಮೊಟ್ಟಮೊದಲು ರುಜು ಹಾಕಿದವರು.

ಆದರೆ ಕಾಲದ ಗತಿಯನ್ನು ನೋಡಿರಿ. ಇಂದು ಪದವೀಧರನೂ ಹೆಬ್ಬೆಟ್ಟನ್ನೊತ್ತುತ್ತಾನೆ, ವಕೀಲನೂ ಒತ್ತುತ್ತಾನೆ, ಪ್ರಾಧ್ಯಾಪಕನೂ ಒತ್ತುತ್ತಾನೆ. ಪಡಿತರದ ಅಂಗಡಿಯಲ್ಲಿ, ಸಿಮ್ ಕಾರ್ಡು ಕೊಳ್ಳುವಲ್ಲಿ, ಆಸ್ತಿಯ ನೋಂದಣಿಯಲ್ಲಿ, ಮೊಬೈಲಿನ ಬೀಗ ತೆರೆಯುವಲ್ಲಿ ಬೆರಳೇ ರುಜುವಾಗಿದೆ. ಕೆಲವೆಡೆ ಕಣ್ಣಿನ ಪಾಪೆ, ಇನ್ನು ಕೆಲವೆಡೆ ಮುಖವೇ ರುಜುವಾಗಿದೆ. ಇದಕ್ಕೆ ಬಯೋಮೆಟ್ರಿಕ್ ಎಂಬ ಹೆಸರಿದೆ. ಸೈಬರ್ ಕಳ್ಳರಿಂದ ಜನರ ಹಣವನ್ನು ಕಾಪಾಡಲು ಇದಕ್ಕಿಂತ ಭದ್ರವಾದ ಉಪಾಯವಿಲ್ಲವೆಂದು ಹೇಳುವವರಿದ್ದಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ? ದೇಹದ ಗುರುತು ಮನುಷ್ಯನ ಒಪ್ಪಿಗೆಗೆ ಸಮಾನವಾಗಬಲ್ಲುದೇ? ಆ ಗುರುತೇ ಕಳುವಾದರೆ ಅದರ ಹೊಣೆ ಯಾರದು? ಇವು ಯಂತ್ರಶಾಸ್ತ್ರಕ್ಕೆ ಮಾತ್ರ ಸೇರಿದ ಪ್ರಶ್ನೆಗಳಲ್ಲ. ನೀತಿಗೆ ಸಂಬಂಧಿಸಿದ ಪ್ರಶ್ನೆಗಳೂ ಹೌದು. ಆದುದರಿಂದ ಓದುಗರು ಇವನ್ನು ಸಾವಧಾನವಾಗಿ ವಿಚಾರಿಸಬೇಕೆಂಬುದು ನಮ್ಮ ಅಪೇಕ್ಷೆ.

ಮೊದಲು ಈ ವಿದ್ಯೆಯ ಗುಣವನ್ನು ಹೇಳಬೇಕು. ಗುಪ್ತಪದವನ್ನು ಮನುಷ್ಯನು ಮರೆಯುತ್ತಾನೆ. ಮರೆಯಬಾರದೆಂದು ಕಾಗದದಲ್ಲಿ ಬರೆದಿಡುತ್ತಾನೆ. ಹೆಂಡತಿಯ ಹೆಸರನ್ನೋ ಮಗನ ಹುಟ್ಟಿದ ದಿನವನ್ನೋ ಇಟ್ಟು ಕಳ್ಳನ ಕೆಲಸವನ್ನು ಹಗುರಮಾಡುತ್ತಾನೆ. ಮೊಬೈಲಿಗೆ ಬರುವ ಒಟಿಪಿಯನ್ನು ಸವಿಮಾತಾಡಿ ಕೇಳಿ ಪಡೆಯುವವರು ದಿನದಿನಕ್ಕೆ ಹೆಚ್ಚುತ್ತಿದ್ದಾರೆ. ಬೆರಳಾದರೋ ಮರೆಯುವ ವಸ್ತುವಲ್ಲ, ಮನೆಯಲ್ಲಿ ಬಿಟ್ಟು ಬರುವ ವಸ್ತುವೂ ಅಲ್ಲ. ದೂರವಾಣಿಯಲ್ಲಿ ಕೇಳಿದರೆ ಹೇಳಿಬಿಡಲು ಬರುವಂತಹುದೂ ಅಲ್ಲ. ಅಕ್ಷರ ಬಾರದ ವೃದ್ಧೆಯೊಬ್ಬಳು ತನ್ನ ಪಿಂಚಣಿಯ ಹಣಕ್ಕಾಗಿ ತಾಲ್ಲೂಕು ಕೇಂದ್ರದ ಬ್ಯಾಂಕಿಗೆ ಅಲೆಯದೆ, ತನ್ನ ಊರಿನಲ್ಲಿಯೇ ಬ್ಯಾಂಕ್ ಮಿತ್ರನ ಚಿಕ್ಕ ಯಂತ್ರದ ಮೇಲೆ ಬೆರಳಿಟ್ಟು ಹಣ ಪಡೆಯುವಂತಾದುದು ಸಣ್ಣ ಉಪಕಾರವಲ್ಲ. ಇದನ್ನು ಅಲ್ಲಗಳೆದು ಮಾತನಾಡುವುದು ಬಡವರ ಕಷ್ಟವನ್ನು ಅರಿಯದವರ ಮಾತಾದೀತು.

ಈ ವಿದ್ಯೆಯ ಹುಟ್ಟು ನಮ್ಮ ದೇಶದೊಡನೆಯೇ ಹೆಣೆದುಕೊಂಡಿದೆಯೆಂಬುದು ಬಹುಜನರಿಗೆ ತಿಳಿಯದು. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ವಿಲಿಯಂ ಹರ್ಷಲ್ ಎಂಬ ಆಂಗ್ಲನು, ರಸ್ತೆಗೆ ಸಾಮಗ್ರಿ ಒದಗಿಸಲು ಒಪ್ಪಿದ್ದ ರಾಜ್ಯಧರ ಕೋನೈ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಹಿಂಬದಿಗೆ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಮುಂದೆ ಆತನು ರುಜು ತನ್ನದಲ್ಲವೆಂದು ಹೇಳದಂತೆ ಅಂಜಿಕೆ ಹುಟ್ಟಿಸುವುದೇ ಆಗಿನ ಉದ್ದೇಶವಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿಯು ಸ್ಥಾಪಿತವಾಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮಕ್ಕೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತಾದರೂ, ಅದರ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಬುದ್ಧಿಯು ದುಡಿದಿತ್ತು. ಇಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಈ ಗುರುತು ಹುಟ್ಟಿದುದು ವಿಶ್ವಾಸದಿಂದಲ್ಲ, ಅವಿಶ್ವಾಸದಿಂದ. ಆಳುವವನು ಆಳಿಸಿಕೊಳ್ಳುವವನ ಮಾತನ್ನು ನಂಬದೆ ಅವನ ಮೈಯನ್ನು ಸಾಕ್ಷಿಗೆ ಕರೆದನು. ಇಂದು ಅದೇ ಸಾಧನವನ್ನು ಪ್ರಜೆಯ ರಕ್ಷಣೆಗಾಗಿ ಬಳಸುತ್ತೇವೆಂದು ಹೇಳುವಾಗ, ಅದು ನಿಜವಾಗಿಯೂ ಪ್ರಜೆಯನ್ನೇ ರಕ್ಷಿಸುತ್ತಿದೆಯೇ ಅಥವಾ ಸಂಸ್ಥೆಯನ್ನು ಪ್ರಜೆಯಿಂದ ರಕ್ಷಿಸುತ್ತಿದೆಯೇ ಎಂದು ಕೇಳುವ ಹಕ್ಕು ನಮಗಿದೆ.

ಈಗ ಪ್ರಶ್ನೆಯ ತಿರುಳಿಗೆ ಬರೋಣ. ನಮ್ಮ ದರ್ಶನಶಾಸ್ತ್ರಗಳಲ್ಲಿ ಪ್ರತ್ಯಭಿಜ್ಞೆಯ ಚರ್ಚೆ ಇದೆ. ಹಿಂದೊಮ್ಮೆ ಕಂಡವನನ್ನು ಮತ್ತೊಮ್ಮೆ ಕಂಡಾಗ 'ಇವನೇ ಆ ದೇವದತ್ತ' ಎಂದು ಗುರುತಿಸುವ ಜ್ಞಾನವೇ ಪ್ರತ್ಯಭಿಜ್ಞೆ. ಬೆರಳಚ್ಚಿನ ಯಂತ್ರವು ಮಾಡುವುದೂ ಇಷ್ಟನ್ನೇ, ಅದೂ ಅಪೂರ್ಣವಾಗಿ. ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಅದು ಲೆಕ್ಕಹಾಕಿ, ಹಿಂದೆ ದಾಖಲಿಸಿದ ಬಿಂದುಗಳೊಡನೆ ಹೋಲಿಸಿ, ಎರಡಕ್ಕೂ ಸಾಕಷ್ಟು ಹೋಲಿಕೆಯಿದೆ ಎಂದು ತೀರ್ಮಾನಿಸುತ್ತದೆ. 'ಈ ಗೆರೆಗಳು ಆ ಗೆರೆಗಳನ್ನು ಹೋಲುತ್ತವೆ' ಎಂಬುದಕ್ಕಿಂತ ಹೆಚ್ಚಿನದೇನನ್ನೂ ಯಂತ್ರವು ತಿಳಿಯದು. ದೇವದತ್ತನು ಅಲ್ಲಿ ಬಂದಿದ್ದಾನೆಯೇ, ಬಂದಿದ್ದರೆ ಸ್ವಇಚ್ಛೆಯಿಂದ ಬಂದಿದ್ದಾನೆಯೇ, ಎಷ್ಟು ಹಣವೆಂದು ತಿಳಿದು ಬೆರಳಿಟ್ಟನೇ ಎಂಬುದು ಅದರ ಜ್ಞಾನಕ್ಕೆ ನಿಲುಕುವ ವಿಷಯವಲ್ಲ. ಗುರುತು ಎಂಬುದು ಕಾಯಕ್ಕೆ ಸೇರಿದ್ದು. ಒಪ್ಪಿಗೆ ಎಂಬುದು ಮನಸ್ಸಿಗೆ ಸೇರಿದ್ದು. ನಿದ್ರಿಸುವವನಿಗೂ ಬೆರಳಿದೆ, ಮೂರ್ಛೆ ಹೋದವನಿಗೂ ಬೆರಳಿದೆ. ಒಪ್ಪಿಗೆ ಮಾತ್ರ ಇಲ್ಲ. ಗುಪ್ತಪದವನ್ನು ಕೊಡುವಾಗ ಮನಸ್ಸಿನ ಒಂದು ಚಲನೆಯಾದರೂ ಬೇಕು. ಬೆರಳಿಗೆ ಅದೂ ಬೇಡ.

ಗುರುತನ್ನೇ ಒಪ್ಪಿಗೆಯೆಂದು ತಿಳಿದರೆ ಏನಾಗುತ್ತದೆಂಬುದನ್ನು ನಾವು ನಮ್ಮ ನಾಡಿನಲ್ಲಿಯೇ ಕಂಡೆವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಹಾಗೂ ಬೆರಳಚ್ಚು, ಈ ಮೂರಿದ್ದರೆ ಸಾಕಾಗಿತ್ತು, ಒಟಿಪಿಯ ಅಗತ್ಯವಿರಲಿಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರು ಮುಂತಾದ ಕಡೆಗಳಲ್ಲಿ ಅನೇಕರ ಖಾತೆಗಳಿಂದ, ಅವರು ಎಲ್ಲಿಯೂ ಬೆರಳಿಡದಿದ್ದರೂ, ಹಣ ಹೋಯಿತು. ಹಾಗೆ ಹಣ ಕಳೆದುಕೊಂಡವರಲ್ಲಿ ಹಲವರು ಆಸ್ತಿ ನೋಂದಣಿ ಮಾಡಿಸಿದವರಾಗಿದ್ದರು. ನೋಂದಣಿ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಒಂದೆಡೆಯೇ ಇದ್ದು, ಅವುಗಳ ಪ್ರತಿಗಳು ಅಂತರಜಾಲದಲ್ಲಿ ದೊರೆಯುತ್ತಿದ್ದವು. ಕಳ್ಳರು ಆ ಅಚ್ಚಿನಿಂದ ಕೃತಕ ಬೆರಳನ್ನು ತಯಾರಿಸಿದ್ದರೆಂಬುದು ತನಿಖೆಗಳಲ್ಲಿ ಹೊರಬಂದ ಸಂಗತಿ. ಬಳಿಕ ಅಂತಹ ಪತ್ರಗಳ ಪ್ರತಿಗಳಲ್ಲಿ ಅಚ್ಚನ್ನು ಮರೆಮಾಡುವ ಕ್ರಮ ಕೈಗೊಳ್ಳಲಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರವು ಬೆರಳು ಜೀವಂತವೋ ಕೃತಕವೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಪ್ರಕಟಿಸಿತ್ತು. ಮಸಿಯ ಹೆಬ್ಬೆಟ್ಟಿನಿಂದ ಹೊಲ ಕಳೆದುಕೊಂಡವನಿಗೂ, ಕಾಗದದ ಮೇಲಿನ ಹೆಬ್ಬೆಟ್ಟಿನಿಂದ ಉಳಿತಾಯ ಕಳೆದುಕೊಂಡವನಿಗೂ ಏನು ಅಂತರ? ಮೊದಲಿನವನು ತನ್ನ ಬೆರಳನ್ನಾದರೂ ತಾನೇ ಒತ್ತಿದ್ದನು. ಎರಡನೆಯವನಿಗೆ ಆ ಸುದ್ದಿಯೂ ತಿಳಿಯಲಿಲ್ಲ.

ಇಂತಹ ಕೃತ್ರಿಮವು ಅನಿರೀಕ್ಷಿತವೂ ಆಗಿರಲಿಲ್ಲ. 2002ರಲ್ಲಿಯೇ ಜಪಾನಿನ ವಿದ್ವಾಂಸ ತ್ಸುತೋಮು ಮಾತ್ಸುಮೊತೊ ಎಂಬವರು ಅಡುಗೆಮನೆಯಲ್ಲಿ ಬಳಸುವ ಜಿಲೆಟಿನ್‌ನಿಂದ ಬೆರಳನ್ನು ಮಾಡಿ, ಆಗಿನ ಅನೇಕ ಯಂತ್ರಗಳನ್ನು ಮೋಸಗೊಳಿಸಬಹುದೆಂದು ತೋರಿಸಿದ್ದರು. 2013ರಲ್ಲಿ ಬೆರಳಿನಿಂದ ತೆರೆಯುವ ಐಫೋನ್ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ಜರ್ಮನಿಯ ಕಂಪ್ಯೂಟರ್ ತಜ್ಞರು ಗಾಜಿನ ಮೇಲೆ ಉಳಿದ ಅಚ್ಚಿನಿಂದ ಅದನ್ನು ತೆರೆದರು. 2015ರಲ್ಲಿ ಅಮೆರಿಕೆಯ ಸರ್ಕಾರಿ ನೌಕರರ ದಾಖಲೆಗಳು ಕಳುವಾದಾಗ ಸುಮಾರು 56 ಲಕ್ಷ ಜನರ ಬೆರಳಚ್ಚುಗಳೂ ಅದರೊಡನೆ ಹೋದವು. ಗುಪ್ತಪದ ಕಳುವಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೀಗದ ಕೈ ಕಳೆದರೆ ಬೀಗವನ್ನೇ ಬದಲಿಸಬಹುದು. ಬೆರಳಿನ ಗೆರೆಯನ್ನು ಬದಲಿಸುವುದೆಂತು? ಭಗವಂತನು ಕೊಟ್ಟುದು ಹತ್ತೇ ಬೆರಳು, ಎರಡೇ ಕಣ್ಣು, ಒಂದೇ ಮುಖ. ಅಲ್ಲದೆ ನಾವು ಮುಟ್ಟಿದ ಲೋಟ, ಬಾಗಿಲು, ಪುಸ್ತಕಗಳ ಮೇಲೆಲ್ಲ ಬೆರಳಚ್ಚನ್ನು ಬಿಟ್ಟೇ ಬರುತ್ತೇವೆ. ಎಲ್ಲರಿಗೂ ಕಾಣುವಂತೆ ಇರುವುದು ಹೆಸರಾಗಬಹುದೇ ಹೊರತು ರಹಸ್ಯವಾಗಲಾರದು. ಬೆರಳನ್ನು ಹೆಸರಿನ ಸ್ಥಾನದಲ್ಲಿಡುವುದು ಯುಕ್ತ. ಬೀಗದ ಕೈಯ ಸ್ಥಾನದಲ್ಲಿ ಅದೊಂದನ್ನೇ ಇಡುವುದು ಯುಕ್ತವಲ್ಲ.

ಇನ್ನೊಂದು ನೋವಿನ ಸಂಗತಿಯಿದೆ. ದುಡಿಯುವ ಕೈಯನ್ನು ಈ ಯಂತ್ರವು ಗುರುತಿಸಲು ಹಿಂಜರಿಯುತ್ತದೆ. ಕಲ್ಲು ಒಡೆಯುವವನು, ಸುಣ್ಣ ಸಿಮೆಂಟು ಕಲಸುವವನು, ಬೀಡಿ ಕಟ್ಟುವವಳು, ಕಳೆ ಕೀಳುವವಳು, ಇವರ ಬೆರಳುಗಳ ಗೆರೆಗಳು ಸವೆದಿರುತ್ತವೆ. ವೃದ್ಧಾಪ್ಯದಲ್ಲಿ ಚರ್ಮವು ಒಣಗಿ ಅವು ಮತ್ತಷ್ಟು ಮಾಸುತ್ತವೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪ್ರಾಧಿಕಾರದ ಮುಖ್ಯಾಧಿಕಾರಿಗಳೇ ಸರ್ಕಾರಿ ಸೇವೆಗಳಲ್ಲಿ ದೃಢೀಕರಣದ ಯಶಸ್ಸು ನೂರಕ್ಕೆ 88 ಎಂದು ತಿಳಿಸಿದ್ದರು. ಉಳಿದ 12 ಎಂಬುದು ಪಂಡಿತರಿಗೆ ಒಂದು ಅಂಕಿಯಾಗಿರಬಹುದು. ಖಾಲಿ ಚೀಲ ಹಿಡಿದು ಪಡಿತರದ ಅಂಗಡಿಯಿಂದ ಮನೆಗೆ ನಡೆಯುವ ತಾಯಿಗೆ ಅದು ಅಂಕಿಯಲ್ಲ. ಯಂತ್ರದ ಹದವನ್ನು ಬಿಗಿಗೊಳಿಸಿದರೆ ಕಳ್ಳನು ಒಳಬರುವುದು ಕಡಿಮೆಯಾಗುತ್ತದೆ, ಆದರೆ ನಿಜವಾದ ಹಕ್ಕುದಾರರು ಹೆಚ್ಚು ಸಂಖ್ಯೆಯಲ್ಲಿ ಹೊರಗುಳಿಯುತ್ತಾರೆ. ಸಡಿಲಿಸಿದರೆ ಹಕ್ಕುದಾರರು ಒಳಬರುತ್ತಾರೆ, ಕಳ್ಳನೂ ಅವರ ಜೊತೆಗೆ ನುಸುಳುತ್ತಾನೆ. ಈ ಹದವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗಣಿತವು ನಿರ್ಣಯಿಸುವ ವಿಷಯವಲ್ಲ. ಯಾರ ನಷ್ಟವನ್ನು ನಾವು ಸಹಿಸಲು ಸಿದ್ಧರಿದ್ದೇವೆಂಬುದರ ಮೇಲೆ ಅದು ನಿಂತಿದೆ. ಕಾಯಕವನ್ನು ಪೂಜ್ಯವೆಂದು ಬಗೆದ ಪರಂಪರೆಯಲ್ಲಿ ಬಂದ ನಾವು, ಕಾಯಕದಿಂದ ಸವೆದ ಬೆರಳನ್ನೇ 'ಗುರುತು ಸಿಗಲಿಲ್ಲ' ಎಂದು ತಳ್ಳುವ ವ್ಯವಸ್ಥೆಯನ್ನು ಕಂಡು ಸುಮ್ಮನಿರುವುದು ಸಲ್ಲದು.

ಹಾಗಾದರೆ ಈ ವಿದ್ಯೆಯು ಇನ್ನಷ್ಟು ನಿಖರವಾದರೆ, ಕೃತಕ ಬೆರಳನ್ನು ತಪ್ಪದೆ ಹಿಡಿಯುವಂತಾದರೆ, ಸೈಬರ್ ವಂಚನೆ ನಿಲ್ಲುವುದೇ? ನಿಲ್ಲದು. ಏಕೆಂದರೆ ಇಂದಿನ ದೊಡ್ಡ ವಂಚನೆಗಳಲ್ಲಿ ಕಳ್ಳನು ಬಾಗಿಲನ್ನು ಒಡೆಯುವುದೇ ಇಲ್ಲ. ಯಜಮಾನನ ಕೈಯಿಂದಲೇ ಅದನ್ನು ತೆರೆಸುತ್ತಾನೆ. 'ಡಿಜಿಟಲ್ ಅರೆಸ್ಟ್' ಎಂಬ ಮೋಸವನ್ನು ನೆನೆಯಿರಿ. ಪೊಲೀಸನ ವೇಷದವನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆಯೆಂದು ಬೆದರಿಸಿ, ವಿದ್ಯಾವಂತರಾದ ನಿವೃತ್ತರನ್ನು ಅವರ ಮನೆಯಲ್ಲಿಯೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಕೂಡಿಹಾಕಿ ಹಣವನ್ನು ವರ್ಗಾಯಿಸಿಕೊಳ್ಳುತ್ತಾನೆ. ನಮ್ಮ ಯಾವ ಕಾನೂನಿನಲ್ಲಿಯೂ ಅಂತಹ ಬಂಧನವಿಲ್ಲವೆಂದು 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯ ಭಾಷಣದಲ್ಲಿ ಎಚ್ಚರಿಸಬೇಕಾಯಿತು. ಅಲ್ಲಿ ಬೆರಳು ನಿಜವಾದುದೇ, ಮುಖವೂ ನಿಜವಾದುದೇ, ಖಾತೆಯ ಒಡೆಯನೂ ನಿಜವಾದವನೇ. ಕೆಟ್ಟಿರುವುದು ಮನಸ್ಸಿನ ಸ್ಥಿತಿ ಮಾತ್ರ: ಭಯವು ಅರಿವನ್ನು ಮುಚ್ಚಿದೆ. ಅತ್ಯಂತ ನಿಖರವಾದ ಯಂತ್ರವೂ ಇಂತಹ ಹೊತ್ತಿನಲ್ಲಿ 'ಸರಿಯಾಗಿದೆ' ಎಂದೇ ಹೇಳುತ್ತದೆ. ಲಾಭದ ಆಸೆ ತೋರಿಸಿ ಹಣ ಹೂಡಿಸಿಕೊಳ್ಳುವ ಮೋಸದಲ್ಲಿಯೂ ಹೀಗೆಯೇ. ಭಯ ಮತ್ತು ಆಸೆ, ಈ ಎರಡು ಬಾಗಿಲುಗಳಿಗೆ ಬಯೋಮೆಟ್ರಿಕ್ ಬೀಗವಿಲ್ಲ.

ಇನ್ನು ಹೊಣೆಯ ಮಾತು. ಬೆರಳಚ್ಚು ಸರಿಹೊಂದಿದೆಯೆಂದ ಮೇಲೆ ಹಣ ತೆಗೆದವರು ನೀವೇ, ಎಂದು ಕಳೆದುಕೊಂಡವನ ಮೇಲೆಯೇ ತಪ್ಪನ್ನು ಹೊರಿಸುವ ಪ್ರವೃತ್ತಿ ಕೆಲವೆಡೆ ಕಂಡುಬರುತ್ತದೆ. ಇದು ನೀತಿಯ ದೃಷ್ಟಿಯಿಂದ ತಲೆಕೆಳಗಾದ ವಾದ. ಯಂತ್ರವನ್ನು ಆರಿಸಿದವನು ಗ್ರಾಹಕನಲ್ಲ. ಅದರ ಹದವನ್ನು ನಿಶ್ಚಯಿಸಿದವನೂ ಅವನಲ್ಲ. ಅಚ್ಚುಗಳನ್ನು ಸಂಗ್ರಹಿಸಿ ಇಟ್ಟವನೂ ಅವನಲ್ಲ. ಯಾರ ಕೈಯಲ್ಲಿ ತಡೆಯುವ ಶಕ್ತಿ ಹೆಚ್ಚಾಗಿದೆಯೋ ಅವರ ಮೇಲೆಯೇ ಹೊಣೆಯೂ ಹೆಚ್ಚಾಗಿರಬೇಕು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ಈ ತತ್ತ್ವವನ್ನೇ ಎತ್ತಿಹಿಡಿಯಿತು. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾದಾಗ, ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲವೆಂದೂ, ಗ್ರಾಹಕನ ಹೊಣೆಯನ್ನು ಸಿದ್ಧಪಡಿಸುವ ಭಾರ ಬ್ಯಾಂಕಿನದೆಂದೂ ಅದು ಹೇಳಿತು. ಸುತ್ತೋಲೆಗಳು ಕಾಲಕಾಲಕ್ಕೆ ಬದಲಾಗಬಹುದು. ಈ ನ್ಯಾಯ ಮಾತ್ರ ಬದಲಾಗಕೂಡದು.

ದೇಹದ ಗುರುತನ್ನು ಕೇಳುವ ಅಧಿಕಾರಕ್ಕೂ ಮೇರೆಯಿರಬೇಕು. ಈ ಮೇರೆಯನ್ನು ನ್ಯಾಯಾಲಯದ ಮುಂದೆ ಕೇಳಿದವರು ಕನ್ನಡ ನಾಡಿನವರೇ ಎಂಬುದು ನಮಗೆ ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬಹುಮತವು ಸರ್ಕಾರಿ ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿದು, ಬ್ಯಾಂಕ್ ಖಾತೆ ಹಾಗೂ ಮೊಬೈಲ್ ಸಂಖ್ಯೆಗಳಿಗೆ ಅದನ್ನು ಕಡ್ಡಾಯಗೊಳಿಸಿದ್ದನ್ನು ತೆಗೆದುಹಾಕಿತು. ಖಾಸಗಿತನವೆಂದರೆ ಬಚ್ಚಿಡಬೇಕಾದ ಪಾಪವಿದ್ದವರಿಗೆ ಮಾತ್ರ ಬೇಕಾದ ವಸ್ತುವೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಮನೆಗೆ ಕದವಿರುವುದು ಒಳಗೆ ಅಪರಾಧ ನಡೆಯುತ್ತಿದೆಯೆಂದಲ್ಲ, ಒಳಗಿರುವವರು ಮನುಷ್ಯರೆಂದು.

ಈ ವಿಚಾರದಿಂದ ಹೊರಡುವ ನಿಲುವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ಬೆರಳನ್ನು ಬೇಡವೆನ್ನುವುದು ಅವಿವೇಕ. ಬೆರಳೊಂದೇ ಸಾಕೆನ್ನುವುದು ಅದಕ್ಕಿಂತ ದೊಡ್ಡ ಅವಿವೇಕ. ಗುರುತಿನ ಜೊತೆಗೆ ಒಪ್ಪಿಗೆಯನ್ನು ತಿಳಿಸುವ ಬೇರೊಂದು ಕ್ರಿಯೆ ಇರಬೇಕು; ಎಷ್ಟು ಹಣ, ಯಾರಿಗೆ ಎಂಬುದನ್ನು ಅಕ್ಷರ ಬಾರದವರಿಗೂ ಅವರ ನುಡಿಯಲ್ಲಿ ಕೇಳುವಂತೆ ಹೇಳಿ, ಆ ಬಳಿಕ ಒಪ್ಪಿಗೆ ಪಡೆಯಬೇಕು. ಸಾಧ್ಯವಿದ್ದಲ್ಲೆಲ್ಲ ಅಚ್ಚು ಒಡೆಯನ ಸ್ವಂತ ಉಪಕರಣದೊಳಗೇ ಉಳಿದು, ಅಲ್ಲಿನ ರಹಸ್ಯ ಕೀಲಿಯನ್ನು ಮಾತ್ರ ತೆರೆಯಬೇಕು. ಊರೆಲ್ಲರ ಅಚ್ಚು ಒಂದೇ ಕಣಜದಲ್ಲಿದ್ದರೆ ಕನ್ನ ಹಾಕುವವನಿಗೆ ಒಂದೇ ಗೋಡೆ ಸಾಕು. ಯಂತ್ರವು ಗುರುತಿಸದವನಿಗೆ ಮನುಷ್ಯನು ಗುರುತಿಸುವ ಇನ್ನೊಂದು ಬಾಗಿಲು ಯಾವಾಗಲೂ ತೆರೆದಿರಬೇಕು, ಆ ಬಾಗಿಲಲ್ಲಿ ಅವನು ಕೈಕಟ್ಟಿ ನಿಲ್ಲುವಂತಾಗಬಾರದು. ನಷ್ಟವಾದಾಗ ಸಾಬೀತಿನ ಭಾರವು ಬಲಿಷ್ಠನ ಹೆಗಲ ಮೇಲಿರಬೇಕು.

ವ್ಯವಸ್ಥೆಯು ಸುಧಾರಿಸುವವರೆಗೆ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಲಾಕ್ ಮಾಡಿ, ಬೇಕಾದಾಗ ಮಾತ್ರ ತೆರೆಯುವ ಅನುಕೂಲವಿದೆ. ಕೇಳಿದವರಿಗೆಲ್ಲ ಆಧಾರ್ ಪ್ರತಿಯನ್ನು ಕೊಡದೆ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕೊಡಬಹುದು. ಹಣ ಹೋದುದು ತಿಳಿದ ಕೂಡಲೇ, ನಾಚಿಕೆಪಡದೆ, 1930 ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಇಲ್ಲಿ ಮೊದಲ ಗಂಟೆಗಳಿಗೆ ಬೆಲೆ ಹೆಚ್ಚು. ನಾಚಿಕೆಯು ಕಳ್ಳನಿಗೆ ದೊರೆಯುವ ಎರಡನೆಯ ಸಹಾಯ. ಮೋಸಹೋದವರನ್ನು ಮನೆಯವರು ಹಂಗಿಸಿದರೆ ಅವರು ಮುಂದೆ ಯಾವುದನ್ನೂ ಹೇಳರು.

ಮಠದ ಶಾಲೆಗಳಲ್ಲಿ ಓದಿ ಇಂದು ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕಾಗಿದೆ. ನೀವು ಊರಿಗೆ ಹೋದಾಗ ತಂದೆತಾಯಿಗಳ, ನೆರೆಯವರ ಪಕ್ಕದಲ್ಲಿ ಕುಳಿತು, ಅವರ ಬೆರಳು ಎಲ್ಲೆಲ್ಲಿ ರುಜುವಾಗಿ ಸಲ್ಲುತ್ತಿದೆಯೆಂಬುದನ್ನು ತಿಳಿಸಿಕೊಡಿರಿ. ಯಂತ್ರದ ಹದವನ್ನು ನಿಶ್ಚಯಿಸುವ ಕುರ್ಚಿಯಲ್ಲಿ ನೀವೇ ಕುಳಿತಿದ್ದರೆ, ಸವೆದ ಬೆರಳಿನವರನ್ನು ಒಮ್ಮೆ ನೆನೆಯಿರಿ. ಹಿಂದೆ ಅಕ್ಷರವನ್ನು ಕಲಿಸಿದುದು ಹೆಬ್ಬೆಟ್ಟಿನ ಜಾಗಕ್ಕೆ ರುಜು ಬರಲೆಂದು ಮಾತ್ರವಲ್ಲ, ಒತ್ತುವ ಮೊದಲು ತಿಳಿಯಬೇಕೆಂದು. ರುಜು ಹೋಗಿ ಹೆಬ್ಬೆಟ್ಟು ಮತ್ತೆ ಬಂದಿದೆ. ತಿಳಿಯುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ನಮಗಾಗಿ ಯಾವ ಯಂತ್ರವೂ ಮಾಡಿಕೊಡದು.